ಹಲ್ಲಿನ ನಡುವಿನ ಹೆಸರುಕಾಳು

ಕರೆಕಟ್ಟಿಯ ಮಠಕ್ಕೆ ಹೊಸದಾಗಿ ಬಂದವರು ಪೂಜ್ಯ ನಿಜಗುಣಮ್ಮ ತಾಯಿಯವರನ್ನು ಹುಡುಕುವುದರಲ್ಲಿಯೇ ಅರ್ಧ ಸುಸ್ತಾಗುತ್ತಿದ್ದರು. ಗದ್ದುಗೆಯ ಹತ್ತಿರ ನೋಡಿದರೆ ಇಲ್ಲ. ಪಡಸಾಲೆಯ ಜಮಖಾನದ ಮೇಲೂ ಇಲ್ಲ. ಕಡೆಗೆ ಯಾರಾದರೂ ಹಿಂದಿನ ದಾಸೋಹದ ಅಡುಗೆಮನೆಯತ್ತ ಕೈ ತೋರಿಸಬೇಕಾಗುತ್ತಿತ್ತು. ಅಲ್ಲಿ, ಹೊಗೆ ಹಿಡಿದ ಗೋಡೆಗೆ ಬೆನ್ನು ಕೊಟ್ಟು, ಗೋಣಿಚೀಲದ ಮೇಲೆ ತಾಯಿಯವರು ಕುಳಿತಿರುತ್ತಿದ್ದರು. ಮಡಿಲಲ್ಲೊಂದು ಬೋಗುಣಿ, ಅದರಲ್ಲಿ ಕೋಸಂಬರಿಗೆಂದು ನೆನೆಹಾಕಿದ ಹೆಸರುಕಾಳು. ಕಣ್ಣು ಮಂಜಾಗಿ ಎಷ್ಟೋ ವರ್ಷಗಳಾಗಿದ್ದರೂ, ನೆನೆಯದೆ ಉಳಿದ ಗಟ್ಟಿ ಕಾಳನ್ನು ಬೆರಳಿನಿಂದಲೇ ಗುರುತಿಸಿ ಆರಿಸಿ ತೆಗೆಯುತ್ತಿದ್ದರು. ದರ್ಶನಕ್ಕೆ ಬಂದವರು ಕಣ್ಣೊರೆಸಿಕೊಳ್ಳುತ್ತಲೇ ನಮಸ್ಕರಿಸುತ್ತಿದ್ದರು. ಅದು ಭಕ್ತಿಗೋ ಹೊಗೆಗೋ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಆ ಅಡುಗೆಮನೆಯ ಬಾಗಿಲಿಗೆ ಬಾಳವ್ವ ಎಂಬ ಹೆಣ್ಣುಮಗಳು ಬಂದು ನಿಂತಳು. ಭಕ್ತಿ ಆಕೆಯನ್ನು ಕರೆತಂದಿರಲಿಲ್ಲ. ಅತ್ತೆ ಸಾವಂತ್ರವ್ವ ಕರೆತಂದಿದ್ದಳು. ಬಾಳವ್ವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹೆರಿಗೆಯಾದ ಕೆಲವು ವಾರಗಳಿಗೆ ಹಿಡಿದುಕೊಂಡ ಹೆಗಲು ಬಿಟ್ಟಿರಲೇ ಇಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಎಣ್ಣೆ ಹೇಳಿ ಹೋದರು, ತಿಕ್ಕುವವರು ಮಾತ್ರ ಯಾರೂ ಇರಲಿಲ್ಲ. ಎಕ್ಕದ ಎಲೆ ಕಾಸಿ ಕಟ್ಟಿದ್ದಾಯಿತು. ತಾಯಿತ ಕಟ್ಟಿದ್ದಾಯಿತು. ತಾಯಿತದ ದಾರ ಸಡಿಲಾಯಿತೇ ಹೊರತು ತೋಳು ಸಡಿಲಾಗಲಿಲ್ಲ.

ತೋಳಿನ ನೋವನ್ನಾದರೂ ಆಕೆ ನುಂಗಿಕೊಳ್ಳುತ್ತಿದ್ದಳು. ನುಂಗಲಾಗದ್ದು ಬೇರೆಯೇ ಇತ್ತು. ಎಂಟು ತಿಂಗಳ ಮಗಳು ನೀಲವ್ವ ಹೆತ್ತವಳ ಕೈಗೆ ಬಂದ ಕೂಡಲೇ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಚೀರುತ್ತಿದ್ದಳು. ಅದೇ ಕೂಸು ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ ಕಾಶವ್ವನ ಹೆಗಲಿಗೆ ಹೋದರೆ ಹತ್ತಿಯ ಮೂಟೆಯಂತೆ ಮಲಗಿಬಿಡುತ್ತಿತ್ತು. ಕಾಶವ್ವನಿಗೆ ಮಕ್ಕಳಿರಲಿಲ್ಲ. ಆಕೆಯ ಗಂಡನಿಗೆ ದೂರದ ಊರಿನ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಮನೆಯವರೆಲ್ಲ ಮಠದಲ್ಲಿಯೇ ಇಳಿದುಕೊಂಡಿದ್ದರು. ಶ್ರಾವಣ ಸೋಮವಾರದ ಪೂಜೆ ಮುಗಿಸಿಕೊಂಡು ಗಂಡಹೆಂಡಿರು ಮಠದಿಂದಲೇ ಗಾಡಿ ಹತ್ತುವವರಿದ್ದರು.

"ತೋಳು ನೆಟ್ಟಗಾಗೂತನಕ ಕೂಸು ಕಾಶವ್ವನ ಹಂತ್ಯಾಕ ಇರ್ಲಿ," ಎಂದು ಸಾವಂತ್ರವ್ವ ತೀರ್ಪು ಕೊಟ್ಟಿದ್ದಳು. "ನಿನ್ನ ಕೈಯಾಗ ಅದು ಚೇಳು ಕಡದಂಗ ಒದರತೈತಿ. ಆಕಳ ಹಾಲು ಕುಡದು ಬೆಳೀತೈತಿ ಬಿಡು."

'ಬಿಡು' ಎನ್ನುವುದು ಎಷ್ಟು ಸುಲಭ! ತೋಳು ನೆಟ್ಟಗಾಗುವುದು ಯಾವಾಗ, ಕೂಸಿಗೆ ಹೆತ್ತವಳ ಗುರುತು ಉಳಿಯುವುದು ಎಲ್ಲಿಯವರೆಗೆ? ಇದನ್ನು ಕೇಳಿದರೆ ಎದುರು ಮಾತಾಡುವ ಸೊಸೆ ಎಂಬ ಹೆಸರು. ಸೋಮವಾರದೊಳಗೆ ತೋಳು ಎದ್ದರೆ ಕೂಸು ತನ್ನದು, ಇಲ್ಲದಿದ್ದರೆ ನೆಗೆಣ್ಣಿಯದು. ಬಾಳವ್ವನಿಗೆ ಇಷ್ಟು ಮಾತ್ರ ಚೆನ್ನಾಗಿ ತಿಳಿದಿತ್ತು.

ಆ ಮಠದಲ್ಲಿ ಹರಕೆ ಹೊತ್ತವರು ಉರುಳುಸೇವೆ ಮಾಡುವ ಪದ್ಧತಿ ಇರಲಿಲ್ಲ. ಹೆಣ್ಣುಮಕ್ಕಳು ದಾಸೋಹದಲ್ಲಿ ರೊಟ್ಟಿ ಬಡಿಯಬೇಕು. ಅಡುಗೆಮನೆಯ ಹಿರಿಯಳು ತುಂಗವ್ವ ಬಾಳವ್ವನ ಮುಂದೆ ಜೋಳದ ಹಿಟ್ಟಿನ ಗುಡ್ಡೆ ಸುರುವಿ, ಪಕ್ಕಕ್ಕೆ ಎಸರಿನ ಪಾತ್ರೆ ತಂದಿಟ್ಟಳು.

"ಯವ್ವಾ, ತೋಳು ಏಳಂಗಿಲ್ಲ ಅಂತ ಬಂದಾಕಿಗೆ ರೊಟ್ಟಿ ಬಡಿ ಅಂತೀಯಲ್ಲ! ನಿಮ್ಮ ಮಠದಾಗ ಕಾಲು ಮುರದಾಂವಗ ಕುಣೀ ಅಂತೀರೇನು?"

"ಬೇನಿ ಕೇಳಾಕ ತಾಯಿಯವ್ರು ಅದಾರ. ಹಿಟ್ಟು ನಾದಾಕ ನೀ ಬಂದೀ. ಕೂಡು," ಎಂದಳು ತುಂಗವ್ವ.

ಬಾಳವ್ವ ಕುಳಿತಳು. ಸಿಟ್ಟಿಗೆ ಹಿಟ್ಟು ಬೇಗ ಹದವಾಯಿತು. ಉಂಡೆ ಮಾಡಿ ಬಡಿಯಲು ಶುರುಮಾಡಿದಳು. ನೋವಾದಷ್ಟೂ ಪುಣ್ಯ ಹೆಚ್ಚು ಬರುವುದಾದರೆ ಬರಲಿ ಎಂದು ಹಟದಿಂದ ಬಡಿದಳು. ಸುತ್ತಲಿನ ಹೆಂಗಸರ ರೊಟ್ಟಿಗಳು ಮಣೆಯ ಮೇಲೆ ಚಕ್ರದಂತೆ ತಿರುಗುತ್ತಿದ್ದವು. ಬಾಳವ್ವನದು ಒಂದು ಕಡೆ ಹರಿಯಿತು, ಒಂದು ಕಡೆ ಚಕ್ಕಡಿಯ ಗಾಲಿಯಷ್ಟು ದಪ್ಪವಾಯಿತು.

ಮೂಲೆಯಿಂದ ತಾಯಿಯವರ ದನಿ ಕೇಳಿತು. "ಅಲ್ಲಿ ಯಾರವ್ವ ಜಗಳಾ ಮಾಡಾಕತ್ತೀರಿ?"

"ಯಾರೂ ಇಲ್ರಿ ತಾಯಿ. ಬಾಳವ್ವ ರೊಟ್ಟಿ ಬಡ್ಯಾಕತ್ತಾಳ," ಎಂದಳು ತುಂಗವ್ವ.

"ಆಕಿ ಬಡ್ಯಾಕತ್ತಿದ್ದು ರೊಟ್ಟಿ ಒಂದ ಅಲ್ಲವ್ವ," ಎಂದರು ತಾಯಿಯವರು. ಆಮೇಲೆ ಸ್ವಲ್ಪ ಹೊತ್ತು ಕೇಳುತ್ತ ಕುಳಿತು, "ಬಾಳವ್ವಾ, ಹಲ್ಲು ಬಿಡು," ಎಂದರು.

ಅಷ್ಟು ಹೇಳಿ ಮತ್ತೆ ಬೋಗುಣಿಗೆ ಕೈ ಹಾಕಿದರು.

ಬಾಳವ್ವನಿಗೆ ಮೈಯೆಲ್ಲ ಉರಿಯಿತು. ಹೆಗಲಿಗೆ ಮದ್ದು ಕೇಳಲು ಬಂದರೆ ಇವರು ಹಲ್ಲಿನ ವಿಚಾರ ಹೇಳುತ್ತಾರೆ! ಒಂದು ಚಿಟಿಕೆ ವಿಭೂತಿಯಿಲ್ಲ, ಮಂತ್ರವಿಲ್ಲ, ತಲೆಯ ಮೇಲೊಂದು ಕೈಯಿಲ್ಲ. ಅಷ್ಟರಲ್ಲಿ ತುಂಗವ್ವ ಓಡಿಬಂದು ಅಂಗೈಯಲ್ಲಿದ್ದ ಲವಂಗ ಮುಂದೆ ಹಿಡಿದಳು.

"ಹಲ್ಲು ನೋವಂತ? ಮೊದಲ ಹೇಳಬಾರದ? ಇದನ್ನ ದವಡಿಗೆ ಇಟ್ಕೊ."

"ನನ್ನ ಹಲ್ಲಿಗೆ ಏನೂ ಆಗಿಲ್ಲ!" ಎಂದು ಬಾಳವ್ವ ಒದರಿದಳು. ಒದರಲು ಬಾಯಿ ತೆರೆದಾಗ ದವಡೆಯ ಕೀಲು ಟಕ್ಕೆಂದಿತು. ಆ ಸಪ್ಪಳ ಆಕೆಗೂ ಕೇಳಿಸಿತು, ಮೂಲೆಯಲ್ಲಿದ್ದ ತಾಯಿಯವರಿಗೂ ಕೇಳಿಸಿರಬೇಕು. ಅವರು ಬೆರಳಿನಿಂದ ಸನ್ನೆ ಮಾಡಿ ಕರೆದರು. ಬಾಳವ್ವ ಹಿಟ್ಟಿನ ಕೈಯಲ್ಲೇ ಹೋಗಿ ನಿಂತಳು. ತಾಯಿಯವರು ನೆನೆದ ಹೆಸರುಕಾಳೊಂದನ್ನು ಆರಿಸಿ ಆಕೆಯ ಅಂಗೈಯಲ್ಲಿಟ್ಟರು.

"ದವಡಿ ಹಲ್ಲಿನ ನಡುವ ಇಟ್ಕೊಂಡು ಕೆಲಸ ಮಾಡು. ಇಡಿಯಾಗಿ ನನಗ ತಂದುಕೊಡು."

"ಅಷ್ಟ ಏನ್ರಿ ತಾಯಿ?"

"ಅಷ್ಟ ಆದ್ರ ಸಾಕು."

ಮಗುವಿಗೆ ಹೇಳುವ ಆಟ ಎಂದುಕೊಂಡಳು ಬಾಳವ್ವ. ಕಾಳು ಬಾಯಿಗೆ ಹಾಕಿಕೊಂಡು ಬಂದು ಕುಳಿತಳು. ಮೊದಲ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಕಾಳು ಎರಡು ಹೋಳಾಗಿ ನಾಲಗೆಗೆ ಹಸಿ ರುಚಿ ತಾಗಿತು. ಯಾವಾಗ ಕಚ್ಚಿದೆ? ಗೊತ್ತೇ ಆಗಿರಲಿಲ್ಲ. ಇನ್ನೊಂದು ಇಸಿದುಕೊಂಡು ಬಂದಳು. ಅದು ಹಂಚಿನ ಮೇಲಿನ ರೊಟ್ಟಿಗೆ ನೀರಲ್ಲದ್ದಿದ ಅರಿವೆ ಸವರುವಾಗ ಹೋಯಿತು. ಮತ್ತೊಂದು, ಹಿಟ್ಟಿನ ಬುಟ್ಟಿ ಎಳೆದುಕೊಳ್ಳುವಾಗ. ಸಂಜೆಯ ಹೊತ್ತಿಗೆ ಬಾಳವ್ವ ಎಷ್ಟು ಕಾಳು ತಿಂದಿದ್ದಳೆಂದರೆ ತುಂಗವ್ವ, "ತಂಗಿ, ಹಸಿವಾಗಿದ್ರ ಬುತ್ತಿ ಐತಿ. ಕೋಸಂಬರಿಗೆ ಸ್ವಲ್ಪ ಉಳಸು," ಎಂದಳು. ಹೆಂಗಸರು ನಕ್ಕರು. ಕಾಳು ಪುಡಿಯಾಯಿತು.

ತಾಯಿಯವರು ನಗಲಿಲ್ಲ, ಬೈಯಲಿಲ್ಲ. ಪ್ರತಿಸಲವೂ ಮತ್ತೊಂದು ಕಾಳು ಕೊಟ್ಟರು. ಮಹಾತ್ಮರ ತಾಳ್ಮೆ ಎದುರಿಗಿದ್ದವರ ತಾಳ್ಮೆಯನ್ನು ಕೆಡಿಸುವುದೂ ಉಂಟು. 'ಇವರೊಮ್ಮೆ ಬೈದಿದ್ದರೆ ಚೆನ್ನಾಗಿತ್ತು. ನಾನೂ ಒಂದೆರಡು ಮಾತು ಅಂದು ಮನೆಗೆ ಹೋಗುತ್ತಿದ್ದೆ,' ಎಂದುಕೊಂಡಳು ಬಾಳವ್ವ.

ಮರುದಿನ ರೊಟ್ಟಿ ಬಡಿಯುತ್ತಿರುವಾಗ ಅಂಗಳದಲ್ಲಿ ಕಾಶವ್ವನ ಹತ್ತಿರವಿದ್ದ ನೀಲವ್ವ ಅತ್ತ ಸಪ್ಪಳ ಕೇಳಿತು. ಬಾಳವ್ವನ ಕೈ ಹಿಟ್ಟಿನ ಮೇಲೆಯೇ ಇತ್ತು. ಆಕೆ ಎದ್ದಿರಲಿಲ್ಲ, ಅಲುಗಾಡಿರಲೂ ಇಲ್ಲ. ಆದರೂ ಕಾಳು ಚೂರಾಯಿತು. ಈ ಸಲ ಮಾತ್ರ ಆಕೆಗೆ ಅದು ತಿಳಿಯಿತು. ದವಡೆ ಬಿಗಿದಿತ್ತು. ದವಡೆಯ ಜೊತೆಗೆ ಬಲಭುಜ ಕಿವಿಯವರೆಗೆ ಏರಿ ಕುಳಿತಿತ್ತು. ಉಸಿರು ಎದೆಯಲ್ಲಿ ಸಿಕ್ಕಿಕೊಂಡು ನಿಂತಿತ್ತು. ರೊಟ್ಟಿ ಬಡಿಯುವುದು ಒಂದು ಕೈ, ಇಲ್ಲಿ ನೋಡಿದರೆ ಊರಿಗೆ ಊರೇ ಎದ್ದಂತೆ ಇಡೀ ಮೈ ಎದ್ದು ನಿಂತಿದೆ!

ಆಕೆ ಹೊಸ ಕಾಳು ಇಟ್ಟುಕೊಂಡು ಸುಮ್ಮನೆ ಕುಳಿತಳು. ಹಿಟ್ಟನ್ನು ಮುಟ್ಟಲಿಲ್ಲ. ಸೋಮವಾರವನ್ನು ನೆನೆಸಿಕೊಂಡಳು. ಕಾಶವ್ವ ಕೂಸನ್ನೆತ್ತಿಕೊಂಡು ಗಾಡಿ ಹತ್ತುವುದು ಕಣ್ಣ ಮುಂದೆ ಬಂದದ್ದೇ ತಡ, ಕಾಳಿನ ಮೇಲೆ ಹಲ್ಲು ಊರತೊಡಗಿತು. ಬರೀ ನೆನಪಿಗೆ! ಒಳಗೊಂದು ನೆನಪು ಹುಟ್ಟಿದರೆ ಸಾಕು, ಮೈ ಹೊರೆ ಹೊತ್ತಂತೆ ಬಿಗಿಯುತ್ತಿತ್ತು. ಮೈ ಬಿಗಿದ ಮೇಲೆ ಬರುವ ಯೋಚನೆಗಳೂ ಅಂಥವೇ. ಎಲ್ಲರೂ ಕಸಿಯಲು ಬಂದವರೇ, ಎಲ್ಲರೂ ವೈರಿಗಳೇ.

ಆಗ ಆಕೆಗೆ ಕೂಸಿನ ಮೊದಲ ತಿಂಗಳ ಒಂದು ಬೆಳಗು ನೆನಪಾಯಿತು. ಎಣ್ಣೆ ಹಚ್ಚಿ ಎರೆಯುವಾಗ ನೀಲವ್ವ ಕೈಯಿಂದ ಜಾರಿದ್ದಳು. ನೆಲಕ್ಕೆ ತಾಗಲಿಲ್ಲ, ಬಾಳವ್ವನ ಮಡಿಲಿಗೇ ಬಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಅತ್ತೆ ಮಾತ್ರ ದಿನವೂ, "ಗಟ್ಟಿ ಹಿಡೀ, ಮತ್ತ ಬೀಳಿಸೀ!" ಎನ್ನುತ್ತಿದ್ದಳು. ಬಾಳವ್ವ ಗಟ್ಟಿ ಹಿಡಿದಳು. ಕೂಸನ್ನು ಎತ್ತುವ ಮೊದಲೇ ಹಲ್ಲು ಕಚ್ಚಿ, ಉಸಿರು ಕಟ್ಟಿ, ಜೋಳದ ಚೀಲ ಎತ್ತುವವಳಂತೆ ಎತ್ತಿದಳು. ತೊಟ್ಟಿಲ ಹತ್ತಿರ ಹೋಗುವ ಹೊತ್ತಿಗೇ ಅರ್ಧ ದಣಿದಿರುತ್ತಿದ್ದಳು. ಆ ಹಿಡಿತದೊಳಗೆ ಸಿಕ್ಕ ಕೂಸು ಚೀರದೆ ಏನು ಮಾಡೀತು? ಕೂಸು ಚೀರಿದಷ್ಟೂ ಹಿಡಿತ ಬಿಗಿಯಾಯಿತು, ಹಿಡಿತ ಬಿಗಿದಷ್ಟೂ ಕೂಸು ಚೀರಿತು. ತೋಳು ಸುಮ್ಮನೆ ಹಿಡಿದುಕೊಂಡಿರಲಿಲ್ಲ. ಹಿಡಿದುಕೋ ಎಂದು ತಾನೇ ಹಗಲಿರುಳು ಹೇಳಿದ್ದಳು.

ಬಾಳವ್ವ ಬಾಯಿಯೊಳಗಿನ ಕಾಳನ್ನು ನಾಲಗೆಯಿಂದ ಮುಟ್ಟಿ ನೋಡಿದಳು. ನಸು ನೆಗ್ಗಿತ್ತು, ಒಡೆದಿರಲಿಲ್ಲ.

ಅಂದಿನಿಂದ ಆಕೆಯ ಕೆಲಸ ಬೇರೆಯಾಯಿತು. ಬಿಗಿಯಬಾರದು ಎಂದು ಹಟ ಹಿಡಿದರೆ ಹಟಕ್ಕೇ ಹಲ್ಲು ಕಚ್ಚುತ್ತಿತ್ತು. ಆದ್ದರಿಂದ ಸುಮ್ಮನೆ ಗಮನವಿಟ್ಟಳು. ಕಾಳಿನ ಮೇಲೆ ಭಾರ ಬಿದ್ದದ್ದು ತಿಳಿದರೆ ಸಾಕು, ಭುಜ ತಾನಾಗಿ ಕೆಳಗಿಳಿಯುತ್ತಿತ್ತು, ಉಸಿರು ಹೊರಗೆ ಬರುತ್ತಿತ್ತು. ಇಡೀ ದಿನ ಇದೇ ರಗಳೆ. ಮರೆಯುವುದು, ಕಚ್ಚುವುದು, ತನ್ನನ್ನೇ ಬೈದುಕೊಳ್ಳುವುದು, ಮತ್ತೆ ಮೂಲೆಗೆ ಹೋಗಿ ಕಾಳು ಕೇಳುವುದು. ರೊಟ್ಟಿ ಮೊದಲಿನಷ್ಟು ಸಪ್ಪಳ ಮಾಡದೆ, ಮೊದಲಿಗಿಂತ ಅಗಲವಾಗಿ ಮಣೆಯ ಮೇಲೆ ತಿರುಗತೊಡಗಿತು. ಎತ್ತರದ ಹಲಗೆಯ ಮೇಲಿದ್ದ ಉಪ್ಪಿನ ಗಡಿಗೆಗೆ ಆಕೆಯ ಬಲಗೈ ಹೋದದ್ದನ್ನು ತುಂಗವ್ವ ನೋಡಿದಳು. ಹೇಳಲು ಬಾಯಿ ತೆರೆದಳು. ತಾಯಿಯವರು ಬೆರಳೆತ್ತಿ ಸುಮ್ಮನಿರಿಸಿದರು.

ಸೋಮವಾರ ಬಂತು. ಪೂಜೆಯಾಯಿತು, ಪ್ರಸಾದವಾಯಿತು. ಮಠದ ಅಗಸೆಬಾಗಿಲಲ್ಲಿ ಗಾಡಿ ನಿಂತಿತ್ತು. ಗಾಡಿಯೊಳಗೆ ಕಾಶವ್ವನ ಟ್ರಂಕು, ಟ್ರಂಕಿನ ಮೇಲೆ ಕೂಸಿನ ಕುಲಾವಿ ಅಂಗಿಗಳ ಗಂಟು. ಬಾಳವ್ವ ಹಿಟ್ಟಿನ ಕೈ ತೊಳೆದುಕೊಂಡು ಹೊರಗೆ ಬಂದಳು. ಬಾಯಲ್ಲಿ ಬೆಳಗಿನ ಕಾಳು ಇತ್ತು. ಅದು ಆಕೆಗೂ ನೆನಪಿರಲಿಲ್ಲ.

ಕಾಶವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಳ್ಳಲು ಕೂಸನ್ನು ಆಕೆಯ ಕಡೆ ಚಾಚಿದಳು. "ಒಂದು ಚಣ ಹಿಡ್ಕೊ, ಬಾಳೀ."

"ಬ್ಯಾಡ, ಬ್ಯಾಡ! ಹೋಗೂ ಹೊತ್ತಿನಾಗ ಅದನ್ನ ಅಳಸಬ್ಯಾಡ್ರಿ," ಎಂದು ಸಾವಂತ್ರವ್ವ ಅಡ್ಡ ಬಂದಳು.

ಅಷ್ಟರಲ್ಲಿ ಕೂಸು ಕೈಗೆ ಬಂದಾಗಿತ್ತು. ನೀಲವ್ವ ಮುಖ ಹಿಂಡಿ, ಬೆನ್ನು ಹಿಂದಕ್ಕೆ ಬಾಗಿಸಿ, ಚೀರಲು ಎದೆ ತುಂಬ ಉಸಿರೆಳೆದುಕೊಂಡಳು. ಬಾಳವ್ವನ ಭುಜ ಕಿವಿಗೆ ಹಾರಿತು. ಹಲ್ಲು ಕಾಳಿನ ಮೇಲೆ ಕೂತಿತು. ಅಲ್ಲಿಯೇ ಆಕೆಗೆ ತಿಳಿಯಿತು.

ಬಿಟ್ಟಳು. ದವಡೆ ಬಿಟ್ಟಿತು, ಭುಜ ಇಳಿಯಿತು. ಕಟ್ಟಿದ್ದ ಉಸಿರು ಕೂಸಿನ ಕೆನ್ನೆಯ ಮೇಲೆ ಬೆಚ್ಚಗೆ ಹೋಯಿತು. ತೋಳು ಹಿಡಿಯುವಷ್ಟನ್ನೇ ಹಿಡಿಯಿತು.

ನೀಲವ್ವ ಚೀರಲು ತೆರೆದ ಬಾಯಿಯನ್ನು ಹಾಗೆಯೇ ತೆರೆದುಕೊಂಡು ಹೆತ್ತವಳ ಮುಖ ನೋಡಿದಳು. ಯಾರೋ ಹೊಸಬರನ್ನು ನೋಡುವಂತೆ ನೋಡಿದಳು. ಬೆನ್ನು ನಿಧಾನವಾಗಿ ಮೆತ್ತಗಾಯಿತು. ಒಮ್ಮೆ ಬಿಕ್ಕಿ, ತಲೆಯನ್ನು ಆ ನೋಯುವ ಬಲಹೆಗಲ ಮೇಲೆಯೇ ಇಟ್ಟು ಕಣ್ಣು ಮುಚ್ಚಿದಳು.

ಸಾವಂತ್ರವ್ವ ಏನೋ ಅನ್ನಲು ಹೋದಳು. ಸೊಸೆಯ ಹೆಗಲ ಮೇಲೆ ಇಳಿಯುತ್ತಿದ್ದ ಜೊಲ್ಲು ನೋಡಿ ಹಿಂದೆ ಸರಿದಳು. ಕಾಶವ್ವ ನೆರಿಗೆ ಕಟ್ಟಿದ ಮೇಲೂ ಕೈ ಚಾಚಲಿಲ್ಲ. ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಗಾಡಿಯೊಳಗೆ ಬಗ್ಗಿ, ಕುಲಾವಿ ಅಂಗಿಗಳ ಗಂಟನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು.

"ಹಿಡೀರಿ ಅತ್ತಿ. ಮೆಲ್ಲಗ ಮಾತಾಡ್ರಿ, ಕೂಸು ಎದ್ದೀತು," ಎಂದಳು. ಆಕೆಯ ಕಣ್ಣು ತುಂಬಿತ್ತು. ಬಾಳವ್ವ ಖಾಲಿಯಿದ್ದ ಕೈಯಿಂದ ನೆಗೆಣ್ಣಿಯ ಕೈ ಹಿಡಿದುಕೊಂಡಳು. ಅಷ್ಟು ದಿನ ವೈರಿಯಂತೆ ಕಂಡವಳ ಕೈ ತನ್ನ ಕೈಯಷ್ಟೇ ತಣ್ಣಗಿತ್ತು.

ಗಾಡಿ ಹೋದ ಮೇಲೆ ಬಾಳವ್ವ ಮಲಗಿದ ಕೂಸನ್ನು ಹೊತ್ತುಕೊಂಡೇ ಅಡುಗೆಮನೆಯ ಮೂಲೆಗೆ ಬಂದಳು. ತಾಯಿಯವರು ಎಂದಿನಂತೆ ಕುಳಿತಿದ್ದರು. ಆಗ ನಾಲಗೆಗೆ ಕಾಳು ಸಿಕ್ಕಿತು. ತೆಗೆದು ಅವರ ಅಂಗೈಯಲ್ಲಿಟ್ಟಳು. ತಾಯಿಯವರು ಬೆರಳಿನಿಂದ ಸವರಿ ನೋಡಿದರು. ಹಲ್ಲಿನ ಗುರುತು ಇತ್ತು, ಬಿರುಕು ಇರಲಿಲ್ಲ.

"ಇಡಿಯಾಗಿ ಬಂತು," ಎಂದರು. ಆ ಕಾಳನ್ನು ಎರಡೂ ಕಣ್ಣಿಗೊತ್ತಿಕೊಂಡು ತಮ್ಮ ಬಾಯಿಗೆ ಹಾಕಿಕೊಂಡರು.

"ಯವ್ವಾ, ಎಂಜಲಾ!" ಎಂದು ತುಂಗವ್ವ ಬಾಯಿಗೆ ಕೈ ಇಟ್ಟಳು. ರೊಟ್ಟಿಯ ಸಪ್ಪಳವೆಲ್ಲ ನಿಂತಿತು. ತಾಯಿಯವರು ನಿಧಾನವಾಗಿ ಅಗಿದು ನುಂಗಿ, ಮತ್ತೆ ಬೋಗುಣಿಗೆ ಕೈ ಹಾಕಿದರು.

ಬಾಳವ್ವ ಅಲ್ಲಿಯೇ ಕುಸಿದು ಕುಳಿತು ಅತ್ತಳು. ಬುದ್ಧಿ ತಿಳಿದಾಗಿನಿಂದ ಹಲ್ಲು ಕಚ್ಚಿಯೇ ಅಳುತ್ತಿದ್ದ ಹೆಣ್ಣುಮಗಳು ಅಂದು ಬಾಯಿ ತೆರೆದು ಅತ್ತಳು. ಅದಕ್ಕೂ ಕೂಸು ಏಳಲಿಲ್ಲ.

ಮುಂದೆ ಆಕೆ ಪ್ರತಿ ಶ್ರಾವಣಕ್ಕೂ ಬಂದು ತಾಯಿಯವರ ಅಡುಗೆಮನೆಯಲ್ಲಿ ರೊಟ್ಟಿ ಬಡಿದಳು. ಯಾರಾದರೂ ಹೊಸಬಳು ಮೂಗು ಕೆಂಪಗೆ ಮಾಡಿಕೊಂಡು ಮಣೆಯ ಮುಂದೆ ಕುಳಿತರೆ, ಮೂಲೆಯಿಂದ ಮಾತು ಬರುವ ಮುಂಚೆಯೇ ಎದ್ದು ಹೋಗಿ ಆಕೆಯ ಭುಜದ ಮೇಲೆ ಬಲಗೈ ಇಡುತ್ತಿದ್ದಳು.

"ಹಲ್ಲು ಬಿಡು, ತಂಗಿ."