ಆನೆ ಹತ್ತಿದ ಮರಳು ರಾಶಿ

"ನಿಮ್ಮ ತಾತನವರ ಕಾಲದಲ್ಲಿ ಇದೇ ಅಂಗಳದಲ್ಲಿ ನಾನು ಹೊಳೆ ಮರಳಿನ ರಾಶಿ ಹಾಕಿದ್ದೆ, ಬುದ್ದಿ. ಆ ಮೂಲೆಯ ಬುರುಜಿನಷ್ಟು ಎತ್ತರ. ಪಟ್ಟದಾನೆ ಅದರ ತುದಿಗೆ ಹತ್ತಿ, ಸೊಂಡಿಲೆತ್ತಿ ನಮಸ್ಕಾರ ಮಾಡಿತು. ಒಂದು ಹರಳೂ ಜಾರಲಿಲ್ಲ."

ಇಷ್ಟು ಹೇಳಿ ಭರಮಜ್ಜ ಮೀಸೆ ತೀಡಿಕೊಂಡ. ಕಲ್ಲುಗುಡ್ಡದ ಕೋಟೆಗೆ ಮಣ್ಣು ಹೊತ್ತು ಹೊತ್ತು ಅವನ ನಡು ಬಗ್ಗಿತ್ತು; ಬಾಯಿ ಮಾತ್ರ ಬಗ್ಗಿರಲಿಲ್ಲ. ಆ ಬಾಯಿಗಾಗಿಯೇ ದೊರೆ ಸೂರಪ್ಪನಾಯಕ ಅವನನ್ನು ಆಸ್ಥಾನದಲ್ಲಿ ಇಟ್ಟುಕೊಂಡಿದ್ದ. ಅವನು ಹೇಳಿದ್ದು ಸುಳ್ಳು ಅನ್ನೋಣವೆಂದರೆ ತಾತ ಸತ್ತು ನಲವತ್ತು ವರ್ಷ, ಆನೆ ಸತ್ತು ಮೂವತ್ತೆಂಟು.

ದಳವಾಯಿ ಲಿಂಗರಸನಿಗೆ ಮೈ ಉರಿಯಿತು. "ಹಾಗಾದರೆ ನಾಳೆ ಇನ್ನೊಮ್ಮೆ ಹಾಕು. ನಾನೂ ಹಾಕಿಸುತ್ತೇನೆ. ನೂರು ನೂರು ಬುಟ್ಟಿ, ಒಣ ಮರಳು. ಆನೆ ಬೇಡ, ಅವರವರ ರಾಶಿ ಅವರವರೇ ಹತ್ತಿ ನಿಲ್ಲಬೇಕು. ಜಾರಿದವನ ಮೀಸೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ, ಕೋಟೆ ಬಾಗಿಲಾಚೆ ಅಟ್ಟಬೇಕು. ಏನಂತೀಯ?"

ಭರಮಜ್ಜ ಕೋಟೆ ಬಾಗಿಲ ಕಡೆ ಒಮ್ಮೆ ನೋಡಿದ. ಎಪ್ಪತ್ತು ದಾಟಿದ ಮೇಲೆ ಪರವೂರಲ್ಲಿ ಗಂಜಿ ಹಾಕುವವರು ಯಾರು? ಆದರೂ ಅಂದ, "ಆಗಲಿ. ಮರಳು ನೀವೇ ಆರಿಸಿಕೊಳ್ಳಿ ದಳವಾಯಿಗಳೇ, ಉಳಿದದ್ದು ನನಗೆ. ಆಮೇಲೆ ಮುದುಕ ಮೋಸ ಮಾಡಿದ ಅನ್ನಬಾರದು."

ಬೆಳಿಗ್ಗೆ ಎರಡು ಕಡೆಯಿಂದ ಮರಳು ಬಂತು. ಒಂದು ದೂರದ ಹೊಳೆಯದು. ನೀರಲ್ಲಿ ಗಾವುದಗಟ್ಟಲೆ ಉರುಳಿ ಉರುಳಿ ಸಾಸಿವೆಯಂತೆ ದುಂಡಗಾದದ್ದು, ಬಿಸಿಲಿಗೆ ಫಳಫಳ. ಇನ್ನೊಂದು ಗುಡ್ಡದ ಬುಡದ ಕೊರಕಲಿನದು. ಬಂಡೆ ಪುಡಿಯಾಗಿ ಬಿದ್ದಲ್ಲೇ ಬಿದ್ದದ್ದು; ಮಂಕು ಬಣ್ಣ, ಮೈಯೆಲ್ಲ ಮೂಲೆ, ಹಿಡಿದರೆ ಅಂಗೈ ಗೀರುತ್ತಿತ್ತು.

ಲಿಂಗರಸ ಹೊಳೆ ಮರಳನ್ನು ಬೊಗಸೆಯಲ್ಲೆತ್ತಿ ಬೆರಳ ಸಂದಿಯಿಂದ ಸುರಿದು ನೋಡಿದ. "ಆನೆ ಹತ್ತಿದ್ದು ಹೊಳೆ ಮರಳನ್ನು ಅಂತ ಮುದುಕನೇ ಬಾಯಿಬಿಟ್ಟಿದ್ದಾನಲ್ಲ. ಇದು ನನಗೆ. ಆ ಕಸ ಅವನಿಗೆ."

"ಕಸ ನಮ್ಮಂಥವರಿಗೇ ಇರಲಿ," ಅಂದ ಭರಮಜ್ಜ. "ಚೆಂದ ನೋಡಿ ಮರಳು ಆರಿಸೋ ಕಣ್ಣು ನಮಗೆಲ್ಲಿ ಬಂತು."

ಆಳುಗಳು ಸುರಿಯತೊಡಗಿದರು. ಹೊಳೆ ಮರಳು ಸುರಿದಷ್ಟೂ ಅಗಲವಾಯಿತೇ ಹೊರತು ಎತ್ತರವಾಗಲಿಲ್ಲ. ಮೇಲೆ ಹಾಕಿದ್ದು ಬುಡಕ್ಕೆ ಓಡಿ ಬರುತ್ತಿತ್ತು. ನೂರು ಬುಟ್ಟಿ ಮುಗಿದಾಗ ಅದು ಮಲಗಿದ ಎಮ್ಮೆಯಂತಿತ್ತು. ಪಕ್ಕದಲ್ಲಿ ಕೊರಕಲು ಮರಳು ಬಣವೆಯ ಹಾಗೆ ಚೂಪಾಗಿ ನಿಂತಿತ್ತು.

ದಳವಾಯಿ ಹತ್ತಿದ. ಮೊದಲ ಹೆಜ್ಜೆಗೆ ಕಾಲು ಮೊಣಕಾಲಿನವರೆಗೆ ಹೂತಿತು. ಎರಡನೆಯದಕ್ಕೆ ರಾಶಿಯೇ ಅವನ ಜೊತೆ ಹೊರಟಿತು. ರುಮಾಲು ಮೇಲೆ ಉಳಿಯಿತು. ದಳವಾಯಿ ಕುಂಡೆಯೂರಿ ಜಾರಿ ದೊರೆಯ ಪಾದದ ಬಳಿ ಬಂದು ಬಿದ್ದ.

ಭರಮಜ್ಜ ಬರಿಗಾಲಲ್ಲಿ ತನ್ನ ರಾಶಿ ಹತ್ತಿದ. ಹಿಡಿಯಷ್ಟು ಮರಳು ಉದುರಿತು, ಅಷ್ಟೇ. ತುದಿಯಲ್ಲಿ ನಿಂತೇ ಎಲೆಗೆ ಸುಣ್ಣ ಹಚ್ಚಿದ.

"ಎರಡೂ ಮರಳೇ ಅಲ್ಲವೇನಯ್ಯಾ?" ಅಂದ ದೊರೆ.

"ಸಾಸಿವೆ ಮೇಲೆ ಸಾಸಿವೆ ನಿಲ್ಲುತ್ತಾ, ಬುದ್ದಿ? ದುಂಡಗಿದ್ದದ್ದು ಉರುಳುತ್ತೆ, ನುಣ್ಣಗಿದ್ದದ್ದು ಜಾರುತ್ತೆ. ಮೂಲೆಯಿದ್ದು ಮೈ ಒರಟಾಗಿದ್ದರೆ ಒಂದರ ಹಲ್ಲು ಇನ್ನೊಂದನ್ನ ಕಚ್ಚಿ ಹಿಡಿಯುತ್ತೆ. ನಿಮ್ಮ ಆಸ್ಥಾನದವರೂ ಅಷ್ಟೇ. ಉಜ್ಜಿಸಿಕೊಂಡು ಉಜ್ಜಿಸಿಕೊಂಡು ಹೊಳೀತಾರೆ. ನಂಬಿ ಕಾಲಿಟ್ಟ ದಿನ ಗೊತ್ತಾಗುತ್ತೆ."

ಅಷ್ಟರಲ್ಲಿ ಕ್ಷೌರಿಕ ಕತ್ತಿ ಮಸೆಯುತ್ತ ಬಂದ. ಲಿಂಗರಸ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.

"ಬಿಟ್ಟುಬಿಡಿ ಬುದ್ದಿ," ಅಂದ ಭರಮಜ್ಜ. "ಇವರಲ್ಲಿ ಒರಟಾಗಿರೋದು ಅದೊಂದೇ. ಅದನ್ನೂ ಬೋಳಿಸಿದರೆ ಇನ್ನೂ ಜಾರ್ತಾರೆ."

ದೊರೆ ಹೊಟ್ಟೆ ಹಿಡಿದು ನಕ್ಕ. ದಳವಾಯಿಯ ಮೀಸೆಯೂ ಉಳಿಯಿತು, ಮನೆಯೂ ಉಳಿಯಿತು. ಮಾನ ಮಾತ್ರ ಮರಳಲ್ಲೇ ಉಳಿಯಿತು. ಭರಮಜ್ಜನಿಗೆ ಉಡುಗೊರೆ ಕೊಡಲೆಂದು ದೊರೆ ಜರಿ ರುಮಾಲು ತರಿಸಿದ. ಕೈಗೆತ್ತಿಕೊಂಡವನು ಅಲ್ಲೇ ತಡೆದ.

"ಇರು. ಹೊಳೆ ಮರಳು ಎಮ್ಮೆಯ ಎತ್ತರವೂ ನಿಲ್ಲೋದಿಲ್ಲ ಅಂತ ಈಗ ನೀನೇ ತೋರಿಸಿದೆ. ಹಾಗಾದರೆ ನಮ್ಮ ತಾತನ ಆನೆ ಹತ್ತಿದ್ದು ಏನನ್ನ?"

ಭರಮಜ್ಜ ದೊರೆಯ ಕೈಯಿಂದ ರುಮಾಲನ್ನು ಮೆಲ್ಲಗೆ ತೆಗೆದುಕೊಂಡು ತಲೆಗೆ ಸುತ್ತಿ, ಭುಜ ಹಾರಿಸಿದ.

"ಅದನ್ನ ಆನೆಯನ್ನೇ ಕೇಳಬೇಕಿತ್ತು, ಬುದ್ದಿ."