ಹದಿನಾರನೆಯ ಸಾಲು

"ಗುರುಗಳೇ, ನನ್ನ ಬರಹದಲ್ಲಿ ಬೇಕಾದ ಮಾತೆಲ್ಲ ಇದೆ. ಜೊತೆಗೆ ನಾಲ್ಕು ಮಾತು ಹೆಚ್ಚಾದರೆ, ಒಂದು ಸಣ್ಣ ತಪ್ಪು ನುಸುಳಿದರೆ ಏನು ಕೆಟ್ಟಿತು?" ಎಂದು ಶಿಷ್ಯನೊಬ್ಬ ಕೇಳಿದನು.

ಗುರು ಹೇಳಿದನು:

ಒಂದು ಪೇಟೆಯಲ್ಲಿ ಕಾಗದ ಬರೆದುಕೊಡುವವನೊಬ್ಬನಿದ್ದನು. ಓದುಬರಹ ಬಾರದ ಜನ ಹೇಳುವರು, ಅವನು ಬರೆಯುವನು. ಅವನ ಕೈಯೆಂದರೆ ಸಾಮಾನ್ಯವೇ? ಅವನ ಅರ್ಜಿಯೊಂದನ್ನು ಕಚೇರಿಯಲ್ಲಿ ಓದುವಾಗ ಹೊರಗೆ ಕಟ್ಟಿದ್ದ ಅಮಲ್ದಾರರ ಕುದುರೆ ಹುಲ್ಲು ಬಿಟ್ಟು ಅತ್ತಿತಂತೆ. ಹಾಗೆಂದು ಹೇಳುತ್ತಿದ್ದವನು ಅವನೇ.

ಒಂದು ದಿನ ಜ್ವರದ ಮುದುಕಿಯೊಬ್ಬಳು ನೆರೆಯವಳ ಕೈ ಹಿಡಿದು ಬಂದಳು.

"ಮಗಳಿಗೆ ಬರಿಯಪ್ಪ. ನಾನಿನ್ನು ಉಳಿಯೋದಿಲ್ಲ, ಬೇಗ ಬಾ ಅಂತ."

"ಇಷ್ಟೇ ಬರೆದರೆ ನನ್ನ ಕೈಗೇ ಅವಮಾನ, ಅಜ್ಜಿ" ಎಂದು ನಕ್ಕು ಅವನು ಲೇಖನಿ ಹಿಡಿದನು. ವಾಡಿಕೆಯಂತೆ ಮೊದಲು 'ಇತ್ತ ನಾವೆಲ್ಲರೂ ಕ್ಷೇಮ' ಎಂದು ಬರೆದನು. ಆಮೇಲೆ ಅಳಿಯನಿಗೆ ಆಶೀರ್ವಾದ, ಮಳೆಬೆಳೆಯ ವಿಚಾರ, ಬೀಗರ ಗುಣಗಾನ. ಮುದುಕಿಯ ಮಾತು ಹದಿನಾರನೆಯ ಸಾಲಿಗೆ ಬಂದಿತು.

ಮಗಳ ಊರಿನಲ್ಲಿ ಕಾಗದ ಓದಬಲ್ಲವನು ಅಂಚೆಯವನೊಬ್ಬನೇ. ಅವನು ಬಾಗಿಲಲ್ಲೇ ನಿಂತು ಎರಡು ಸಾಲು ಓದಿದನು. "ಎಲ್ಲರೂ ಕ್ಷೇಮವಂತೆ ಕಣವ್ವ. ಮಿಕ್ಕಿದ್ದು ಬರೀ ಹರಿಕಥೆ. ನಾನಿನ್ನೂ ಮೂರೂರು ಸುತ್ತಬೇಕು" ಎಂದು ಹೊರಟುಹೋದನು.

ಇತ್ತ ಮುದುಕಿ ಎಂಟು ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದು, ಸತ್ತಳು.

ಸಾವಿನ ಸುದ್ದಿ ಕೇಳಿ ಮಗಳು ಓಡಿಬಂದಳು. "ಕಾಗದ ಬರೆಸಿದ್ದಳಲ್ಲ, ನೀನು ಯಾಕೆ ಬರಲಿಲ್ಲ?" ಎಂದು ನೆರೆಯವಳು ಕೇಳಿದಳು. ಮಗಳು ನೇರ ಪೇಟೆಗೆ ನಡೆದು, ಕಾಗದವನ್ನು ಅದನ್ನು ಬರೆದವನ ಮುಂದೆ ಹರಡಿದಳು.

"ಇದರಲ್ಲಿ ನಮ್ಮವ್ವ ಹೇಳಿದ್ದನ್ನಷ್ಟೇ ಓದಣ್ಣ."

ಅವನು ಬೆರಳಿಟ್ಟು ಹುಡುಕಿದನು. ತಾನೇ ಬರೆದದ್ದರಲ್ಲಿ ತನಗೇ ಅದು ಬೇಗ ಸಿಕ್ಕಲಿಲ್ಲ. ಕೊನೆಗೆ ಸಿಕ್ಕಿತು. ಓದಿದನು.

"ಮಿಕ್ಕಿದ್ದು ಯಾರ ಮಾತು?"

"ನನ್ನದು, ತಾಯಿ."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನು. ಅವಳು ಬೈಯಲಿಲ್ಲ. ಸುತ್ತ ಕುಳಿತ ಜನ ನೋಡುತ್ತಿದ್ದರು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಶಿಷ್ಯನು ನಡುವೆ ಬಾಯಿ ಹಾಕಿ, "ಆದರೂ ಬೇಕಾದ ಮಾತು ಕಾಗದದಲ್ಲಿ ಇತ್ತಲ್ಲ, ಗುರುಗಳೇ" ಎಂದನು.

ಗುರು ಹೇಳಿದನು: "ಇತ್ತಪ್ಪ, ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಮಗಳು ಆ ಎಂಟು ದಿನವೂ ಹಾಡುತ್ತ ರಾಗಿ ಬೀಸಿದಳು."