ಹೂಂಗುಟ್ಟುವ ಊರು

"ಗುರುಗಳೇ, ಯುದ್ಧ ಕಂಡು ಬಂದ ಕವಿಗಳು ಯಾರಿಗೂ ತಿಳಿಯದ ಹಾಗೆ ಒಡಕು ಒಡಕಾಗಿ ಬರೆಯುತ್ತಾರೆ. ಜನ ಅವರಿಂದ ದೂರ ಸರಿದರೆ ತಪ್ಪು ಅವರದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂತು. "ನಾನು ಅಕ್ಷರ ಕಲಿತವನಲ್ಲ. ಆದರೆ ನಾನು ಕೇಳಿಸಿಕೊಂಡಷ್ಟು ಪದಗಳನ್ನು ನಿನ್ನ ಪಂಡಿತರು ಏಳು ಜನ್ಮ ಎತ್ತಿದರೂ ಓದಲಾರರು. ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರು. ಅಲ್ಲಿ ಯಾರು ಪದ ಹಾಡಿದರೂ ಸಾಲು ಮುಗಿದ ಕಡೆ ಎಲ್ಲರೂ ಒಟ್ಟಿಗೆ "ಹೂಂ" ಅನ್ನಬೇಕು. ಅದು ಹಾಡುವವನಿಗೆ ಕೊಡುವ ಮರ್ಯಾದೆ. ಸುಳ್ಳಲ್ಲ, ಅವರು ಹೂಂ ಅಂದರೆ ಚಾವಡಿಯ ಹೆಂಚು ಜಾರುತ್ತಿದ್ದವು; ಆಚೆ ಊರಲ್ಲಿ ಮಲಗಿದ್ದ ಎತ್ತುಗಳು ಎದ್ದು ನಿಲ್ಲುತ್ತಿದ್ದವು.

ಆ ಊರಿನಿಂದ ಇಬ್ಬರು ದಂಡಿಗೆ ಹೋದರು. ಒಬ್ಬ ಪದ ಕಟ್ಟುವವನು, ಇನ್ನೊಬ್ಬ ಗೌಡನ ಹಿರಿಯ ಮಗ. ಪದ ಕಟ್ಟುವವನೊಬ್ಬನೇ ತಿರುಗಿ ಬಂದ. ಬಂದು ನೋಡಿದರೆ ಗೌಡನ ಕಿರಿಯ ಮಗನೂ ದಂಡಿಗೆ ಹೊರಡಲು ರುಮಾಲು ಸುತ್ತುತ್ತಿದ್ದಾನೆ. ಹೇಗಾದರೂ ಇವನನ್ನು ತಡೆಯಬೇಕೆಂದು ಅವನು ಚಾವಡಿಯಲ್ಲಿ ಕುಳಿತು ನಡೆದದ್ದನ್ನು ನಡೆದ ಹಾಗೆಯೇ ಹಾಡಿದ.

ಗಾಯಗೊಂಡವರನ್ನು ಬಯಲಲ್ಲಿ ಬಿಟ್ಟು ದಳವಾಯಿ ಕುದುರೆ ಏರಿ ಹೋದ ಎಂದ. ಊರು ಹೂಂ ಎಂದಿತು. ಗೌಡರ ಮಗ ನೀರು ನೀರು ಎನ್ನುತ್ತ ಪ್ರಾಣ ಬಿಟ್ಟ ಎಂದ. ಊರು ಹೂಂ ಎಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಎಂದವನು ಗೌಡನೇ.

ಪದ ಮುಗಿಯಿತು. "ಚೆನ್ನಾಗಿ ಹೇಳಿದೆ ಕಣಯ್ಯಾ. ಅಂದ ಹಾಗೆ, ನಮ್ಮ ಹುಡುಗ ಎಷ್ಟು ತಲೆ ಉರುಳಿಸಿದ?" ಎಂದು ಗೌಡ ಕೇಳಿದ.

ಮರುದಿನ ಪದ ಕಟ್ಟುವವನು ಮತ್ತೆ ಚಾವಡಿಗೆ ಬಂದ. ಈ ಸಲ ಪದವನ್ನು ಮುರಿದು ಹಾಡಿದ. "ನೀರು" ಎಂದು ನಿಲ್ಲಿಸಿದ. "ಬಾಯಲ್ಲಿ ಮಣ್ಣು" ಎಂದ. "ಅಪ್ಪಾ" ಎಂದ. ಮತ್ತೆ "ನೀರು" ಎಂದ. ಸಾಲು ಎಲ್ಲಿ ಮುಗಿಯಿತೆಂದು ತಿಳಿಯದೆ ಜನ ಬಾಯಿ ತೆರೆದು ತೆರೆದು ಮುಚ್ಚಿದರು.

ಗೌಡ ಕೆರಳಿದ. "ಇದೇನಯ್ಯಾ, ತಲೆಯಿಲ್ಲ ಬಾಲವಿಲ್ಲ. ಹೂಂ ಅನ್ನೋದಕ್ಕೂ ಜಾಗ ಇಟ್ಟಿಲ್ಲವಲ್ಲ ನೀನು?"

"ಬೇಕೆಂದೇ ಇಡಲಿಲ್ಲ, ಗೌಡರೇ."

ದಂಡಿಗೆ ಹೋಗಿ ಇವನ ತಲೆ ಕೆಟ್ಟಿದೆ ಎಂದು ನಗುತ್ತ ಜನ ಎದ್ದು ಹೋದರು. ಕಿರಿಯ ಮಗನನ್ನು ತಮಟೆ ಬಡಿದುಕೊಂಡು ಊರ ಗಡಿಯವರೆಗೆ ಹೋಗಿ ದಂಡಿಗೆ ಕಳಿಸಿ ಬಂದರು.

ಕತೆ ಅಲ್ಲಿಗೆ ನಿಂತಿತು. "ಆದರೂ ಗುರುಗಳೇ, ಅವನು ಸ್ವಲ್ಪ ಬಿಡಿಸಿ ಹೇಳಬಹುದಿತ್ತು" ಎಂದ ಶಿಷ್ಯ.

"ಅರ್ಥವಾಗಲಿಲ್ಲ ಎಂದು ರೇಗಿದವರಲ್ಲಿ, ನೀರು ಬೇಕಿದ್ದದ್ದು ಯಾರಿಗೆ ಎಂದು ಒಬ್ಬನಾದರೂ ವಿಚಾರಿಸಿದನೇ?" ಎಂದರು ಗುರುಗಳು.